ನಾನು ಸೇರಿಸಿದ ಒಂದು ಸಾಲು

೧ ಫೆಬ್ರವರಿ ೨೦೨೫

ಕನ್ನಡ ಬರುತ್ತದೆ ಎಂದು ಬಾಯಿಬಿಟ್ಟಿದ್ದೇ ನನ್ನ ತಪ್ಪು. ಕಾಲೇಜಿನ ಉಚಿತ ಕಾನೂನು ನೆರವು ಕೇಂದ್ರದಲ್ಲಿ ಹತ್ತು ಶನಿವಾರ ಕೂತರೆ ಇಪ್ಪತ್ತು ಅಂಕ ಎಂದು ಎಲ್ಲರ ಹಾಗೆ ನಾನೂ ಹೆಸರು ಬರೆಸಿದ್ದೆ. ಉಳಿದವರೆಲ್ಲ ಕಾಲೇಜಿನ ಪಕ್ಕದ ಕೋಣೆಯಲ್ಲಿ ಫ್ಯಾನಿನಡಿ ಕೂತು ಬಾಡಿಗೆ ಕರಾರು ತಿದ್ದುತ್ತಾರೆ. ನನ್ನನ್ನು ಸೋನಾಲಿ ಮ್ಯಾಡಮ್ ಪುಣೆಯ ಇನ್ನೊಂದು ತುದಿಯ ಯೆರವಡಾದ ವಸ್ತಿಗೆ, ಕೂಲಿಯವರ ಕೇರಿಗೆ, ಹಾಕಿದರು. ಅಲ್ಲಿ ಕರ್ನಾಟಕದಿಂದ ಬಂದ ಕಟ್ಟಡ ಕೆಲಸದವರು ತುಂಬ ಇದ್ದಾರಂತೆ, ನನ್ನ ಭಾಷೆ ಉಪಯೋಗಕ್ಕೆ ಬರುತ್ತದಂತೆ. ಮ್ಯಾಡಮ್ ನಮಗೆ ಪಾಠವನ್ನೂ ಮಾಡುತ್ತಾರೆ, ಕೋರ್ಟಿನಲ್ಲಿ ಬಡವರ ಪರ ವಕಾಲತ್ತನ್ನೂ ಹಾಕುತ್ತಾರೆ. ಅವರ ಎದುರು ಇಲ್ಲ ಎನ್ನಲು ನನಗೆ ಎಂಟೆದೆ ಇಲ್ಲ.

ಕೋಥರೂಡದಿಂದ ಎರಡು ಬಸ್ಸು ಬದಲಿಸಿ ಹೋದೆ. ಸಮಾಜ ಮಂದಿರದ ಹಿಂದಿನ ಕೋಣೆ, ಒಂದು ಮೇಜು, ಮೂರು ಪ್ಲಾಸ್ಟಿಕ್ ಕುರ್ಚಿ. ಜೊತೆಗೆ ನನ್ನ ತರಗತಿಯ ಅಭಿಲಾಷ. ಅವನು ನಾಗಪುರದವನು, ಕನ್ನಡದ ಒಂದಕ್ಷರ ತಿಳಿಯದು. ಆರಾಮವಾಗಿ ಮೊಬೈಲು ನೋಡುತ್ತ ಕೂತ. ನನಗೂ ತಿಳಿದದ್ದು ಅಷ್ಟಕ್ಕಷ್ಟೇ. ನಮ್ಮದು ಕುಂದಾಪುರದ ಕಡೆಯ ಮನೆ, ಅಪ್ಪನದು ಕೋಥರೂಡದಲ್ಲಿ ಹೋಟೆಲು. ಈ ಜನ ಆಡುವುದು ಕನ್ನಡವೇ ಎಂದು ನಂಬಲು ನನಗೆ ಹತ್ತು ನಿಮಿಷ ಬೇಕಾಯಿತು.

ಒಬ್ಬ ಹೆಂಗಸು ಬೆಳಿಗ್ಗೆಯಿಂದ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಬಾಗಿಲು ಹಾಕುವ ಹೊತ್ತಿಗೆ ಎದ್ದು ಬಂದಳು. ಇಂಥವರಿಗೆ ಹೊತ್ತು ಗೊತ್ತು ಒಂದೂ ಇಲ್ಲ. "ನನ ಮಗಾ ಸಣ್ಣಾವ ಅದಾನ್ರಿ ವಕೀಲಬಾಯಿ. ದೊಡ್ಡವರ ಜೇಲಿನಾಗ ಇಟ್ಟಾರ" ಎಂದಳು. ಮುಂದಿನ ವಾರ ಬಾ ಎಂದೆ.

ಇದನ್ನು ಕನ್ನಡದಲ್ಲಿ ಬರೆಯುವುದಕ್ಕೆ ಕಾರಣ ಭಾಷಾಪ್ರೇಮವಲ್ಲ. ತಮ್ಮ ಚೇತನ ನನ್ನ ಚೀಲವನ್ನೆಲ್ಲ ಜಾಲಾಡುತ್ತಾನೆ. ಅವನಿಗೆ ಮರಾಠಿ, ಇಂಗ್ಲಿಷ್ ಬಿಟ್ಟರೆ ಬೇರೆ ಅಕ್ಷರ ಬರುವುದಿಲ್ಲ. ಅಜ್ಜಿ ನನಗೆ ಕಲಿಸಿದ ಲಿಪಿ ಕಡೆಗೂ ಬೀಗವಾಗಿ ಒದಗಿತು.

೮ ಫೆಬ್ರವರಿ

ಆ ಹೆಂಗಸಿನ ಹೆಸರು ಸಕ್ಕುಬಾಯಿ. ಗಂಡ ಭೀಮಣ್ಣ, ಗಾರೆ ಕೆಲಸದ ಗೌಂಡಿ. ಯಾದಗಿರಿ ಕಡೆಯ ಹಳ್ಳಿಯವರು, ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಮಗ ಜಟ್ಟೆಪ್ಪ ಅಪ್ಪನ ಜೊತೆಯಲ್ಲೇ ಕೆಲಸಕ್ಕೆ ಹೋಗುತ್ತಿದ್ದ. ಜನವರಿ ಎರಡರಂದು ಆ ಕಟ್ಟಡದಲ್ಲಿ ತಾಮ್ರದ ತಂತಿ ಕಳುವಾಗಿದೆ. ಕಾವಲುಗಾರನ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿದ್ದಾರೆ. ಕದ್ದ ಮೂವರಲ್ಲಿ ದೊಡ್ಡವರಿಬ್ಬರು ಓಡಿಹೋದರು, ಇವನು ಸಿಕ್ಕಿಬಿದ್ದ. ಜಾಮೀನು ಒಮ್ಮೆ ತಿರಸ್ಕೃತವಾಗಿದೆ.

ಎಲ್ಲವೂ ನಿಂತಿರುವುದು ವಯಸ್ಸಿನ ಮೇಲೆ. ಹದಿನೆಂಟು ತುಂಬಿಲ್ಲವಾದರೆ ಅವನನ್ನು ಜೈಲಿನಲ್ಲಿ ಇಡುವಂತೆಯೇ ಇಲ್ಲ. ಬಾಲಮಂದಿರಕ್ಕೆ ಕಳಿಸಬೇಕು, ಬಹುಶಃ ಒಂದೆರಡು ವಾರದಲ್ಲಿ ಮನೆಗೇ. ಆದರೆ ಅವನ ಆಧಾರ್ ಕಾರ್ಡಿನಲ್ಲಿ ಹತ್ತೊಂಬತ್ತು. "ಗೇಟ್ ಪಾಸ್ ಬೇಕಾಗಿತ್ತಲ್ರಿ, ಮುಕಾದಮ ತಾನs ಹೇಳಿ ಬರಿಸ್ಯಾನ" ಎಂದ ಭೀಮಣ್ಣ. ಆಳು ಕರೆತರುವ ಮುಕಾದಮ ಹೇಳಿದ, ಇವರು ಹೂಂ ಅಂದರು. ಶಿವನೇ.

ನಮೂನೆಯ ಪ್ರಕಾರ ಕೇಳಿದೆ. ಮಕ್ಕಳೆಷ್ಟು? "ಒಬ್ಬಾವ್ರಿ. ಜಟ್ಟೆಪ್ಪ ಒಬ್ಬನs" ಎಂದಳು. ಭೀಮಣ್ಣ ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದ. ಇಂಥ ವೇಳೆಯಲ್ಲೂ ಇವರಿಗೆ ಬೀಡಿ ಬೇಕು. ಮಗ ಹುಟ್ಟಿದ್ದು ಯಾವಾಗ? "ಪಂಚಮಿ ಆಗಿ ಎಂಟು ದಿನಕ್ಕರಿ. ಮನ್ಯಾಗs ಹಡದೀನಿ. ಬರೂ ಪಂಚಮಿಗಿ ಹದಿನೇಳು ತುಂಬತಾವ." ಶಾಲೆ? ಕಳಿಸಲೇ ಇಲ್ಲ. ಹುಟ್ಟಿದ್ದನ್ನು ಪಂಚಾಯಿತಿಯಲ್ಲಿ ಬರೆಸಿದ್ದೀರಾ? "ನನಗೇನು ಗೊತ್ತು ತಾಯಿ."

ಸಂಜೆ ಮ್ಯಾಡಮ್‌ಗೆ ಫೋನಿನಲ್ಲಿ ವರದಿ ಒಪ್ಪಿಸಿದೆ. ಕಾಯ್ದೆಯಲ್ಲಿ ವಯಸ್ಸು ಗೊತ್ತುಮಾಡುವುದಕ್ಕೆ ಒಂದು ಸರತಿ ಇದೆ: ಮೊದಲು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಜನನ ನೋಂದಣಿ, ಅದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಕಾರ್ಡು ಲೆಕ್ಕಕ್ಕಿಲ್ಲ. "ಕೈಯಲ್ಲಿ ಎರಡೂ ಇಲ್ಲ ತಾನೇ? ಹಾಗಾದರೆ ಮೂಳೆ ಪರೀಕ್ಷೆ ಕೇಳೋಣ. ಅಷ್ಟನ್ನೇ ಕೇಳೋಣ" ಎಂದರು. ಅರ್ಜಿಯ ಕರಡು ನೀನೇ ಬರೆ ಎಂದರು. ನಾನೇ! ಮಾರ್ಚ್ ಕೊನೆಗೆ ಮುಂಬೈಯಲ್ಲಿ ಅಣಕು ನ್ಯಾಯಾಲಯದ ಸ್ಪರ್ಧೆಯಿದೆ. ನಿಜವಾದ ಅರ್ಜಿ ಬರೆದವಳು ಎಂದರೆ ಆಯ್ಕೆಯಲ್ಲಿ ತೂಕ ಬರುತ್ತದೆ.

೧೩ ಫೆಬ್ರವರಿ

ಮ್ಯಾಡಮ್ ಜೊತೆ ಯೆರವಡಾ ಜೈಲಿಗೆ ಹೋಗಿ ಜಟ್ಟೆಪ್ಪನನ್ನು ಕಂಡೆ. ಕಳ್ಳ ಎಂದರೆ ನನ್ನ ಕಣ್ಣೆದುರು ಬೇರೆಯೇ ಏನೋ ಇತ್ತು. ಇವನು ಚೇತನನ ಅಂಗಿ ಹಾಕಿಕೊಂಡರೆ ತೋಳು ಬೆರಳು ಮುಚ್ಚಬೇಕು, ಅಷ್ಟು ಸಣ್ಣ ಮೈ. ಮೀಸೆ ಮೂಡಿಲ್ಲ. ಕೈ ಮಾತ್ರ ಮುದುಕರ ಕೈ, ಸಿಮೆಂಟಿಗೆ ಸುಲಿದು ಬಿಳಿಚಿಕೊಂಡದ್ದು.

ತಂತಿ ಕದ್ದೆಯಾ ಎಂದರೆ "ಹೂಂರಿ, ಹೊರೂ ಅಂದ್ರು, ಹೊತ್ತೆ" ಎಂದ. ಕಾವಲುಗಾರನಿಗೆ ಹೊಡೆದದ್ದು ತಾನಲ್ಲ ಎಂದ. ಮಲಗುವುದು ಎಲ್ಲಿ ಎಂದು ಮ್ಯಾಡಮ್ ಕೇಳಿಸಿದರು. ಶೌಚದ ಬಾಗಿಲ ಬಳಿ. ಬ್ಯಾರಕಿನ ದೊಡ್ಡವರ ಕಾಲು ಒತ್ತಬೇಕು, ಬಟ್ಟೆ ಒಗೆಯಬೇಕು, ಆಗುವುದಿಲ್ಲ ಎಂದರೆ ಹೊಡೆಯುತ್ತಾರೆ. ಅದನ್ನು ಮಳೆ ಬರುತ್ತದೆ ಎನ್ನುವ ಹಾಗೆ ಹೇಳಿದ. ಹೊರಡುವಾಗ ಕೇಳಿದ್ದು ಒಂದೇ: "ಅವ್ವ ಉಣ್ಣತಾಳೇನ್ರಿ? ಸಿಟ್ಟು ಬಂದ್ರ ಉಣ್ಣಂಗಿಲ್ಲ ಆಕಿ."

ಬೇಗ ಹೊರಗೆ ತರುತ್ತೇವೆ ಎಂದುಬಿಟ್ಟೆ. ಹೊರಗೆ ಬಂದಮೇಲೆ ಮ್ಯಾಡಮ್ ಬೈದರು. ಕಕ್ಷಿದಾರನಿಗೆ ಮಾತು ಕೊಡಬಾರದಂತೆ.

೧೭ ಫೆಬ್ರವರಿ

ಕರಡು ಮುಗಿಯಿತು. ಮೂರು ಸಲ ತಿದ್ದಿದೆ. ಮೂಳೆ ಪರೀಕ್ಷೆ ಕೇಳಿದ್ದೇನೆ. ಆದರೆ ಅಷ್ಟೇ ಇದ್ದರೆ ಅರ್ಜಿ ಯಾಕೋ ಬೋಳು ಅನ್ನಿಸಿತು. ಕಾಯ್ದೆಯ ಸರತಿಯನ್ನು ನಾವು ಓದಿಕೊಂಡಿಲ್ಲ ಎಂದು ನ್ಯಾಯಾಧೀಶರು ತಿಳಿದಾರು. ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ಆರೋಪಿಯ ಹುಟ್ಟೂರಿನ ಪಂಚಾಯಿತಿಯಿಂದ ಜನನ ನೋಂದಣಿಯ ನಕಲನ್ನೂ ನ್ಯಾಯಾಲಯವೇ ತರಿಸಿಕೊಳ್ಳಬೇಕೆಂದು ಪ್ರಾರ್ಥನೆ. ಹೇಗಿದ್ದರೂ ಹುಡುಗನಿಗೆ ಹದಿನಾರು. ನೋಂದಣಿ ಇದ್ದರೆ ಗೆದ್ದೆವು, ಇಲ್ಲದಿದ್ದರೆ ಮೂಳೆ ಪರೀಕ್ಷೆ. ಎರಡೂ ಕಡೆ ನಮ್ಮದೇ.

ಮ್ಯಾಡಮ್ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಇನ್ನೊಂದು ಕೇಸಿಗೆ ಓಡುವ ಅವಸರದಲ್ಲಿ ಮೊದಲ ಪುಟ ನೋಡಿ ಸಹಿ ಹಾಕಿದರು. ಚೆನ್ನಾಗಿ ಬರೆದಿದ್ದೀಯ ಎಂದರು. ಅಪ್ಪನಿಗೆ ಹೇಳಿದೆ. ಗಲ್ಲಾದಲ್ಲಿ ಕೂತಿದ್ದವರು ಗಿರಾಕಿಗಳಿಗೆಲ್ಲ "ನಮ್ಮ ಹುಡ್ಗಿ ಬರ್ದ ಅರ್ಜಿ ಕೋರ್ಟಿಗೆ ಹೋಯ್ತ್" ಎಂದು ಸಾರಿದರು. ಭುಜಂಗಣ್ಣನ ಮಗಳು ಈಗಲೇ ವಕೀಲೆ ಎಂದು ಯಾರೋ ಅಂದರು. ನನಗೆ ನಾಚಿಕೆಯಾಯಿತು, ಖುಷಿಯೂ ಆಯಿತು. ಸುಳ್ಳೇಕೆ ಬರೆಯಲಿ.

೨೫ ಫೆಬ್ರವರಿ

ಅರ್ಜಿ ವಿಚಾರಣೆಗೆ ಬಂತು. ಮೊದಲು ಪಂಚಾಯಿತಿಯ ನಕಲು ಬರಲಿ, ಆಮೇಲೆ ಮೂಳೆ ಪರೀಕ್ಷೆಯ ಮಾತು ಎಂದು ನ್ಯಾಯಾಧೀಶರು ಪೊಲೀಸರಿಗೆ ಎರಡು ವಾರ ಕೊಟ್ಟರು. ಮ್ಯಾಡಮ್ ನನ್ನ ಕಡೆ ತಿರುಗಿ ನೋಡಿ ಮುಂದಿನ ಕೇಸಿನ ಕಡತ ತೆಗೆದರು. ಸಕ್ಕುಬಾಯಿ ಹೊರಗೆ ಗೋಡೆಗೆ ಒರಗಿ ನಿಂತಿದ್ದಳು. ಒಳ್ಳೆಯದಾಗುತ್ತದೆ ಎಂದೆ. ಬುತ್ತಿಯಿಂದ ಒಂದು ಜೋಳದ ರೊಟ್ಟಿ ಮುರಿದು ಕೊಟ್ಟಳು. ಕೈ ತೊಳೆದಿದ್ದಳೋ ಇಲ್ಲವೋ. ತಿಂದೆ.

೧೦ ಮಾರ್ಚ್

ನಕಲು ಬಂತು.

ಹೆಸರು ಜಟ್ಟೆಪ್ಪ. ತಂದೆ ಭೀಮಣ್ಣ. ತಾಯಿ ಸಕ್ಕುಬಾಯಿ. ಜನನ ೧೪ ನವೆಂಬರ್ ೨೦೦೬. ಲೆಕ್ಕ ಹಾಕುವುದಕ್ಕೆ ಬೆರಳೂ ಬೇಡ. ಕಳುವಾದ ದಿನ ಅವನಿಗೆ ಹದಿನೆಂಟು ತುಂಬಿ ಒಂದೂವರೆ ತಿಂಗಳು.

ಸರ್ಕಾರಿ ವಕೀಲರು ನಕ್ಕರು. ಅರ್ಜಿದಾರರೇ ಕೇಳಿ ತರಿಸಿಕೊಂಡ ದಾಖಲೆ, ಇನ್ನು ಮೂಳೆ ಪರೀಕ್ಷೆ ಯಾತಕ್ಕೆ ಎಂದರು. ನ್ಯಾಯಾಧೀಶರು ಅರ್ಜಿ ತಿರುವಿ ಆ ಸಾಲನ್ನು ಗಟ್ಟಿಯಾಗಿ ಓದಿದರು. ಮ್ಯಾಡಮ್ ಕೈಚಾಚಿ ಕಾಗದ ತೆಗೆದುಕೊಂಡು ತಾವೂ ಓದಿದರು. ಅವರು ಅದನ್ನು ಮೊದಲ ಸಲ ಓದುತ್ತಿದ್ದಾರೆ ಎಂದು ನನಗೆ ಆಗ ತಿಳಿಯಿತು. "ತಾಯಿಯ ಹೇಳಿಕೆ ದಾಖಲಿಸಲು ಅವಕಾಶ ಕೊಡಿ" ಎಂದು ಮಾತ್ರ ಕೇಳಿದರು. ಸಿಕ್ಕಿತು, ಏಪ್ರಿಲ್ ಮೂರಕ್ಕೆ.

ಹೊರಗೆ ಬಂದು ಬೈಯುತ್ತಾರೆಂದು ಕಾದೆ. "ನಾವು ಕಣ್ಣಾರೆ ಕಾಣದ ಕಾಗದವನ್ನು ಕೋರ್ಟಿಗೆ ತರಿಸಬಾರದು ಭವ್ಯಶ್ರೀ. ಸಹಿ ನನ್ನದು, ತಪ್ಪು ನನ್ನದು" ಎಂದು ಆಟೋ ಹತ್ತಿ ಹೋದರು. ಬೈದಿದ್ದರೆ ಚೆನ್ನಾಗಿತ್ತು.

"ಎಂತ ಮಾರಾಯ್ತಿ, ಉಂಬುಕ್ ಬತ್ತಿಲ್ಯಾ?" ಎಂದು ಅಮ್ಮ ಎರಡು ಸಲ ಊಟಕ್ಕೆ ಕರೆದರು. ತಲೆನೋವು ಎಂದೆ.

೧೧ ಮಾರ್ಚ್

ಕಾಲೇಜಿಗೆ ಹೋಗದೆ ಸೀದಾ ವಸ್ತಿಗೆ ಹೋದೆ. ಸಕ್ಕುಬಾಯಿ ಒಲೆಯ ಮುಂದಿದ್ದಳು. ಬಾಗಿಲಲ್ಲೇ ನಿಂತು ಕೂಗಾಡಿದೆ. ನನಗೆ ಯಾಕೆ ಸುಳ್ಳು ಹೇಳಿದೆ, ವಯಸ್ಸು ಮುಚ್ಚಿಟ್ಟೆ, ನಿನಗಾಗಿ ನಾವು ಬಿಸಿಲಲ್ಲಿ ಒಣಗುತ್ತಿದ್ದೇವೆ ಎಂದೆ. ಅಕ್ಕಪಕ್ಕದವರು ಬಂದು ನಿಂತರು. ಆಕೆ ತಿರುಗಿಯೂ ನೋಡಲಿಲ್ಲ. "ನಾ ಸುಳ್ಳು ಹೇಳಿಲ್ಲ. ಹದಿನಾರs ಅವ" ಎಂದಳು. ಹಾಗಾದರೆ ಪಂಚಾಯಿತಿಯಲ್ಲಿ ಬರೆದಿರುವ ಜಟ್ಟೆಪ್ಪ ಯಾರು ಎಂದೆ. ರೊಟ್ಟಿ ತಟ್ಟುವ ಕೈ ನಿಂತಿತು. ಅವಳು ಎದ್ದು ಒಳಗೆ ಹೋಗಿ ಸೀರೆಯ ಪರದೆ ಎಳೆದುಕೊಂಡಳು.

ಭೀಮಣ್ಣ ನನ್ನ ಹಿಂದೆಯೇ ಬಸ್ ನಿಲ್ದಾಣದವರೆಗೂ ಬಂದ. ಚಹಾದಂಗಡಿಯ ಬೆಂಚಿನ ಮೇಲೆ ಕೂರಿಸಿ ಹೇಳಿದ. ಅವನು ಅಷ್ಟು ಮಾತಾಡಿದ್ದು ಇದೇ ಮೊದಲು.

"ಎರಡು ಮಂದಿ ಆಗ್ಯಾರ್ರಿ. ಮದಲಿನಾವ ದವಾಖಾನ್ಯಾಗ ಹುಟ್ಟಿದ್ದ. ನರ್ಸಬಾಯಿ ಬರಕೊಂಡು ಹೋಗಿದ್ಲು. ನಮ್ಮಪ್ಪನ ಹೆಸರು ಇಟ್ಟಿದ್ವಿ, ಜಟ್ಟೆಪ್ಪ ಅಂತ. ಹನ್ನೊಂದು ತಿಂಗಳಿಗಿ ಹೋದ. ನಾ ಗೋವಾದಾಗ ಕೆಲಸಕ್ಕಿದ್ದೆ, ಮಣ್ಣಾದ ಮ್ಯಾಲ ಬಂದೆ, ಮಾರಿ ಸುದ್ದಾ ನೋಡಿಲ್ಲ. ಹತ್ತು ತಿಂಗಳಿಗಿ ಇವಾ ಹುಟ್ಟಿದ. ಕುತಗಿ ಮ್ಯಾಲ ಅದs ಮಚ್ಚಿ. ಹೋದಾವನs ತಿರುಗಿ ಬಂದಾನ ಅಂದ್ಲು ಆಕಿ. ಅದs ಹೆಸರು ಇಟ್ಲು. ಅವತ್ತಿನಿಂದ ಮದಲಿನಾವನ ಮಾತು ಮನ್ಯಾಗ ಯಾರೂ ತಗೀಬಾರದು. ತಗದ್ರ ಇವನೂ ಹೋಗತಾನ ಅಂತಾಳ."

ಸತ್ತದ್ದನ್ನು ಬರೆಸಲಿಲ್ಲವೇ ಎಂದು ಕೇಳಿದೆ. "ಹನ್ನೊಂದು ತಿಂಗಳ ಕೂಸು. ಯಾರು ಬರಸ್ತಾರ್ರಿ" ಎಂದ.

ಎರಡು ಮಕ್ಕಳಿಗೆ ಒಂದು ಹೆಸರು, ಒಂದು ಕಾಗದ. ಕಾಗದ ಸತ್ತವನದು. ಸುಮ್ಮನಿದ್ದಿದ್ದರೆ ಅದು ಪಂಚಾಯಿತಿಯ ಕಪಾಟಿನಲ್ಲಿ ಕೊಳೆಯುತ್ತಿತ್ತು, ಜಟ್ಟೆಪ್ಪನ ಮೂಳೆ ತನ್ನ ವಯಸ್ಸು ತಾನೇ ಹೇಳುತ್ತಿತ್ತು. ನಾನು ಹೋಗಿ ತೆಗೆಸಿದೆ. ಆ ಸಾಲು ನಾನೇ ಬರೆದದ್ದು ಎಂದು ಭೀಮಣ್ಣನಿಗೆ ಹೇಳಬೇಕೆಂದುಕೊಂಡೆ. ಬಸ್ಸು ಬಂತು, ಹತ್ತಿದೆ.

೧೫ ಮಾರ್ಚ್

ಜೈಲಿನಿಂದ ಮ್ಯಾಡಮ್‌ಗೆ ಸುದ್ದಿ. ಜಟ್ಟೆಪ್ಪನ ಎಡಗೈಯ ಎರಡು ಬೆರಳು ಮುರಿದಿವೆ. ಬಾಗಿಲ ಸಂದಿಗೆ ಸಿಕ್ಕಿತು ಎಂದು ಬರೆದುಕೊಂಡಿದ್ದಾರೆ. ಅವನನ್ನು ಕೇಳಿದರೆ ಅವನೂ ಬಾಗಿಲು ಎಂದನಂತೆ.

ಬೇರೇನೂ ಬರೆಯಲು ಮನಸ್ಸಿಲ್ಲ.

೨೨ ಮಾರ್ಚ್

ಸಕ್ಕುಬಾಯಿಯನ್ನು, ವಸ್ತಿಯವರ ಸಕ್ಕವ್ವನನ್ನು, ಕೋರ್ಟಿನ ಹೇಳಿಕೆಗೆ ಒಪ್ಪಿಸಲು ಇದು ಐದನೆಯ ಸಲ ಹೋದದ್ದು. ಎರಡೂ ಹೆರಿಗೆಯ ಹೊತ್ತಿಗೆ ಭೀಮಣ್ಣ ಊರಲ್ಲಿರಲಿಲ್ಲ. ಕೂಸನ್ನು ಹೂತದ್ದು ಆಕೆಯ ಅಣ್ಣ, ಅವನೂ ಈಗಿಲ್ಲ. ಮೊದಲಿನವನು ಸತ್ತದ್ದನ್ನು, ಎರಡನೆಯವನು ಹುಟ್ಟಿದ್ದನ್ನು ಬಲ್ಲವಳು ಇವಳೊಬ್ಬಳೇ.

ಮೊದಮೊದಲು ಕಾನೂನು ಹೇಳಿದೆ. ಆಮೇಲೆ ಹೆದರಿಸಿದೆ. ಇವತ್ತು ಏನೂ ಹೇಳದೆ ಕೂತು ಅವಳ ಜೊತೆ ಮೆಂತ್ಯದ ಸೊಪ್ಪು ಬಿಡಿಸಿದೆ. ಒಂದು ಕಟ್ಟು ಮುಗಿದ ಮೇಲೆ ಅವಳೇ ಬಾಯಿಬಿಟ್ಟಳು.

"ಅವಾ ಸತ್ತಾನ ಅಂತ ನಾ ಬಾಯಿಲೇ ಅಂದಿಲ್ಲ ತಾಯಿ, ಹೂಳಿದ ದಿನಾನೂ ಅಂದಿಲ್ಲ. ಅತ್ತೂ ಇಲ್ಲ. ಬರತಾನ ಅಂತ ಕುಂತೆ. ಬಂದ. ಈಗ ನಾಕು ಮಂದಿ ಮುಂದ ನಿಂತು ಅವಾ ಬ್ಯಾರೆ, ಇವಾ ಬ್ಯಾರೆ ಅಂದ್ರ, ಹದಿನಾರು ವರ್ಷ ನಾ ಸಾಕಿದ್ದು ಯಾರನ್ನ?"

ಮುರಿದ ಬೆರಳಿನ ವಿಷಯ ಹೇಳಿದೆ. ಹೇಳಬಾರದು ಎಂದು ಭೀಮಣ್ಣ ಕೈಮುಗಿದು ಕೇಳಿಕೊಂಡಿದ್ದ, ಆದರೂ ಹೇಳಿದೆ. ಸಕ್ಕವ್ವ ಕೈಯಲ್ಲಿದ್ದ ಸೊಪ್ಪನ್ನು ಮೊರದಲ್ಲಿಟ್ಟು ಯಾವ ಕೈ ಎಂದು ಕೇಳಿದಳು. ಎಡಗೈ ಎಂದೆ. "ಎಡಗೈಲೇ ಉಣ್ಣತಾನ್ರಿ ಅವಾ, ಎಷ್ಟು ಬಡದ್ರೂ ಬಿಡಲಿಲ್ಲ" ಎಂದಳು. ಮತ್ತೆ ಮೊರ ಎಳೆದುಕೊಂಡು, "ಬರತೀನಿ, ಯಾವ ದಿನ ಹೇಳ್ರಿ" ಎಂದಳು.

ಗೆದ್ದೆ ಅನ್ನಿಸಬೇಕಿತ್ತು. ಬಸ್ಸಿನಲ್ಲಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

೨೯ ಮಾರ್ಚ್

ಇವತ್ತು ಮುಂಬೈಯಲ್ಲಿ ಸ್ಪರ್ಧೆಯಂತೆ. ಅಭಿಲಾಷ ಕಪ್ಪು ಕೋಟಿನ ಫೋಟೋ ಕಳಿಸಿದ್ದ. ನೋಡಿದೆ. ವಸ್ತಿಯಲ್ಲಿ ಇವತ್ತು ಒಂಬತ್ತು ಜನ ಬಂದಿದ್ದರು, ನಾನೊಬ್ಬಳೇ, ಊಟಕ್ಕೆ ಏಳಲಾಗಲಿಲ್ಲ. ಪಡಿತರ ಚೀಟಿ ಕೇಳಿಕೊಂಡು ಬಂದ ಮುದುಕಿ "ನೀವು ಯಾವ ಊರ ಕಡೀದವ್ರಿ, ಕಲಬುರಗ್ಯಾ?" ಎಂದು ಕೇಳಿತು. ಮುದುಕಿಗೆ ಕಿವಿ ಸರಿ ಕೇಳದು ಅನ್ನಿಸುತ್ತದೆ.

೩ ಏಪ್ರಿಲ್

ಕೋರ್ಟಿನ ಕನ್ನಡ ದುಭಾಷಿ ರಜೆಯಲ್ಲಿದ್ದರು. ಇನ್ನೊಂದು ದಿನಾಂಕ ಕೊಟ್ಟರೆ ಜೂನ್‌ಗೆ ಹೋಗುತ್ತದೆ. ಈ ಹುಡುಗಿಗೆ ಕನ್ನಡ ಬರುತ್ತದೆ, ಇವಳೇ ಹೇಳಲಿ, ಆಕ್ಷೇಪವಿಲ್ಲ ಎಂದರು ಸರ್ಕಾರಿ ವಕೀಲರು. ಸಾಕ್ಷಿ ಹೇಗೆ ಹೇಳುತ್ತಾಳೋ ಹಾಗೆಯೇ ಹೇಳಬೇಕು, ಅವಳು ಹೇಳುತ್ತಾಳೆ ಎಂದು ಸೇರಿಸಬಾರದು ಎಂದರು ನ್ಯಾಯಾಧೀಶರು. ಹಾಗಾಗಿ ಎಲ್ಲವನ್ನೂ ‘ನಾನು’, ‘ನನ್ನ’ ಎಂದೇ ಹೇಳಬೇಕಾಯಿತು.

ಸಕ್ಕವ್ವ ಕಟಕಟೆಯಲ್ಲಿ ನಿಂತು ಮರದ ಅಂಚನ್ನು ಹಿಡಿದುಕೊಂಡಳು. ಮ್ಯಾಡಮ್ ಕೇಳಿದರು, ನಿಮಗೆ ಎಷ್ಟು ಮಕ್ಕಳು ಹುಟ್ಟಿದವು. "ಎರಡು." ಎರಡು, ಎಂದೆ ಮರಾಠಿಯಲ್ಲಿ. ಮೊದಲನೆಯವನು ಎಲ್ಲಿದ್ದಾನೆ. ಅವಳು ನನ್ನನ್ನು ನೋಡಿದಳು. ಹಿಂದಿನ ಬೆಂಚಿನಲ್ಲಿ ಇಬ್ಬರು ಪೊಲೀಸರ ನಡುವೆ ಜಟ್ಟೆಪ್ಪ ಕೂತಿದ್ದ, ಕೈಗೆ ಕೊಳಕು ಪಟ್ಟಿ. ಈ ಮಾತು ಅವನೂ ಇವತ್ತೇ ಮೊದಲು ಕೇಳುವುದು. ನ್ಯಾಯಾಧೀಶರು ಪೆನ್ನು ಹಿಡಿದು ಕಾದರು.

"ಸತ್ತಾನ್ರಿ."

ನನ್ನ ಮಗ ಸತ್ತಿದ್ದಾನೆ, ಎಂದೆ. ಗಟ್ಟಿಯಾಗಿ ಹೇಳಿ ಎಂದರು ನ್ಯಾಯಾಧೀಶರು. ಇನ್ನೊಮ್ಮೆ ಹೇಳಿದೆ.

ಆಮೇಲೆ ಸರ್ಕಾರಿ ವಕೀಲರ ಸರದಿ. ಸತ್ತದ್ದಕ್ಕೆ ಕಾಗದ ಇದೆಯೇ? ಇಲ್ಲ. ಯಾವ ಡಾಕ್ಟರು ನೋಡಿದರು? ಯಾರೂ ಇಲ್ಲ. ಎಲ್ಲಿ ಹೂತಿರಿ? ಹೊಲದ ಬದುವಿನಲ್ಲಿ. ಆ ಹೊಲ ಈಗ ಯಾರದು? ಗೊತ್ತಿಲ್ಲ. ಹೂತವರು? ಸತ್ತಿದ್ದಾರೆ. ಎರಡನೆಯವನು ಹುಟ್ಟಿದ್ದನ್ನು ಎಲ್ಲಾದರೂ ಬರೆಸಿದ್ದೀರಾ? ಇಲ್ಲ. ಒಂದೇ ಹೆಸರನ್ನು ಇಬ್ಬರಿಗೆ ಯಾರಾದರೂ ಇಡುತ್ತಾರೆಯೇ? "ನಾ ಇಟ್ಟೀನ್ರಿ." ಮಗನನ್ನು ಬಿಡಿಸಿಕೊಳ್ಳುವುದಕ್ಕೆ ಈ ಎರಡನೆಯ ಮಗನನ್ನು ಈಗ ಹುಟ್ಟಿಸಿದ್ದೀರಿ ಅಲ್ಲವೇ? ಅದನ್ನು ನಾನು ಕನ್ನಡಕ್ಕೆ ತಿರುಗಿಸಿ ಅವಳ ಮುಖಕ್ಕೆ ಹೇಳಬೇಕಾಯಿತು. ಉತ್ತರವಿಲ್ಲ ಎಂದು ಬರೆದುಕೊಂಡರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಪೊಲೀಸರು ಜಟ್ಟೆಪ್ಪನನ್ನು ಕರೆದುಕೊಂಡು ಹೋಗುವಾಗ ಅವನು "ಅವ್ವಾ" ಎಂದ. ಅವಳು ತಲೆ ಎತ್ತಲಿಲ್ಲ. ವ್ಯಾನು ಹೋದಮೇಲೆ ಅಳಲು ಶುರುಮಾಡಿದಳು. ಮಗ ಸತ್ತ ಮನೆಯಲ್ಲಿ ಅಳುವ ಹಾಗೆ, ಹೆಸರು ಹಿಡಿದು, ಎದೆ ಬಡಿದುಕೊಂಡು. ವಕೀಲರೆಲ್ಲ ನಿಂತು ನೋಡಿದರು. ಹದಿನೇಳು ವರ್ಷದ ಅಳು. ಭೀಮಣ್ಣ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ನಾನು ಅವಳ ಚಪ್ಪಲಿ ಹಿಡಿದುಕೊಂಡು ನಿಂತಿದ್ದೆ. ಯಾಕೆ ಹಿಡಿದುಕೊಂಡಿದ್ದೆನೋ.

೧೬ ಏಪ್ರಿಲ್

ಆದೇಶ ಬಂತು. ಸರ್ಕಾರಿ ದಾಖಲೆಯ ಎದುರು ತಾಯಿಯ ಬಾಯಿಮಾತು ನಿಲ್ಲುವುದಿಲ್ಲ. ಮೊದಲ ಮಗು ಸತ್ತಿದ್ದಕ್ಕೂ ದಾಖಲೆ ಇಲ್ಲ, ಎರಡನೆಯದು ಹುಟ್ಟಿದ್ದಕ್ಕೂ ಇಲ್ಲ. ಆರೋಪಿಗೆ ಕೃತ್ಯದ ದಿನ ಹದಿನೆಂಟು ತುಂಬಿತ್ತು. ಅರ್ಜಿ ವಜಾ.

ಅಷ್ಟು ಹೇಳಿಸಿದೆವು, ಏನೂ ಆಗಲಿಲ್ಲ.

೧೯ ಏಪ್ರಿಲ್

ನಿನ್ನೆ ಮ್ಯಾಡಮ್ ಮನೆಗೆ ಹೋಗಿದ್ದೆ. ಈ ಕೇಸಿನಿಂದ ನನ್ನನ್ನು ತೆಗೆಯಿರಿ ಎಂದೆ. "ಆಯಿತು. ಆ ಸಾಲು ಬರೆದವಳು ನೀನು ಎಂದು ಆ ತಾಯಿಗೆ ಹೇಳಿ ಬಾ, ಆಮೇಲೆ ತೆಗೆಯುತ್ತೇನೆ" ಎಂದರು. ಮೇಲಿನ ಕೋರ್ಟಿಗೆ ಹೋಗಬಹುದಂತೆ. ಆದರೆ ಬರಿಗೈಲಿ ಹೋಗುವಂತಿಲ್ಲ. ಸತ್ತ ಕೂಸಿನ ಮರಣವನ್ನು ಈಗಲಾದರೂ ಊರಿನಲ್ಲಿ ನೋಂದಾಯಿಸಬೇಕು, ತಡವಾದದ್ದಕ್ಕೆ ಅಲ್ಲಿನ ಅಧಿಕಾರಿಯ ಅಪ್ಪಣೆ ತರಬೇಕು. ಹಳೆಯ ನರ್ಸು, ನೆರೆಹೊರೆ, ಯಾರಾದರೂ ಸಿಕ್ಕರೆ ಸಾಕ್ಷಿ. ತಿಂಗಳುಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಜಟ್ಟೆಪ್ಪ ಅದೇ ಬ್ಯಾರಕಿನಲ್ಲಿ.

ಇವತ್ತು ಹೋದೆ. ಸಕ್ಕವ್ವ ಗೋಡೆಗೆ ಒರಗಿ ಕೂತಿದ್ದಳು. ಆ ದಿನದಿಂದ ಕೆಲಸಕ್ಕೆ ಹೋಗಿಲ್ಲ, ಮಗನನ್ನು ನೋಡಲು ಜೈಲಿಗೂ ಹೋಗಿಲ್ಲ. ಹೇಗೆ ಶುರುಮಾಡಬೇಕೆಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡಿದ್ದೆಲ್ಲ ಮರೆತುಹೋಯಿತು. ಆ ಕಾಗದ ತರಿಸಿದ್ದು ನಾನು ಎಂದೆ. ಯಾರೂ ಕೇಳಿರಲಿಲ್ಲ, ಮ್ಯಾಡಮ್ ಬೇಡ ಎಂದಿದ್ದರು, ಜಾಣೆ ಅನ್ನಿಸಿಕೊಳ್ಳಲು ಬರೆದೆ. ಅದನ್ನು ಬರೆಯದಿದ್ದರೆ ಅವನು ಇಷ್ಟು ಹೊತ್ತಿಗೆ ಮನೆಯಲ್ಲಿರುತ್ತಿದ್ದ, ನೀವೂ ಕಟಕಟೆ ಹತ್ತಬೇಕಿರಲಿಲ್ಲ ಎಂದೆ. ಅಳಬಾರದು ಎಂದು ಗಟ್ಟಿ ಮಾಡಿಕೊಂಡಿದ್ದೆ, ಅತ್ತೆ.

ಅವಳು ಕೇಳಿದ್ದು ನಾನು ಎಣಿಸಿದ್ದಲ್ಲ.

"ಆ ಕಾಗದ ನಿಮ್ಮ ಬಲ್ಲಿ ಅದ?"

ಕಡತದಲ್ಲಿ ನಕಲು ಇತ್ತು. ತೆಗೆದುಕೊಟ್ಟೆ. ತಲೆಕೆಳಗಾಗಿ ಹಿಡಿದುಕೊಂಡಳು. ತಿರುಗಿಸಿ ಕೊಟ್ಟೆ. "ಅವನ ಹೆಸರು ಎಲ್ಲದ?" ಬೆರಳಿಟ್ಟು ತೋರಿಸಿದೆ. ಓದ್ರಿ ಎಂದಳು. ಓದಿದೆ. ಇನ್ನೊಮ್ಮೆ ಎಂದಳು. ಜಟ್ಟೆಪ್ಪ, ತಂದೆ ಭೀಮಣ್ಣ, ತಾಯಿ ಸಕ್ಕುಬಾಯಿ, ಗಂಡು, ಹದಿನಾಲ್ಕು ನವೆಂಬರ್ ಎರಡು ಸಾವಿರದ ಆರು. "ಅವನದೊಂದು ಫೋಟೋ ಇಲ್ಲ, ತೊಟ್ಟ ಅರಿವಿ ಇಲ್ಲ. ಎಲ್ಲಾ ಮಣ್ಣಾಗ ಹಾಕಿದ್ರು. ಅವಾ ಇದ್ದ ಅಂತ ಯಾರೋ ಬರದಿಟ್ಟಾರಲ್ಲ" ಎಂದಳು. ಇದು ನನಗ ಕೊಡ್ರಿ ಎಂದು ಕೇಳಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಿಮ್ಮ ಮ್ಯಾಲ ನನಗ ಭಾಳ ಸಿಟ್ಟದ ತಂಗಿ. ಹೋಗಂಗಿಲ್ಲ ಅದು. ನೀವs ಒಳಗ ಹಾಕಿಸೀರಿ, ನೀವs ತಗೊಂಡು ಬರಬೇಕು" ಎಂದಳು.

ಹೂಂ ಎಂದೆ. ಕೇಸಿನಿಂದ ತೆಗೆಯಿರಿ ಎಂದು ಮ್ಯಾಡಮ್‌ಗೆ ಇನ್ನು ಹೇಗೆ ಹೇಳಲಿ. ಅಮ್ಮನಿಗೆ ಮಾತ್ರ ಹೇಳಬೇಕು, ಮುಂದಿನ ವಾರ ಯಾದಗಿರಿಗೆ ಹೋಗಿ ಬರಲು ನಾಲ್ಕು ದಿನ ಬೇಕು ಎಂದು. ಪರೀಕ್ಷೆ ಅದೇ ವಾರದಲ್ಲಿದೆ.

ಅಲ್ಲೇ ಕೂತು ಮರಣ ನೋಂದಣಿಯ ನಮೂನೆ ತುಂಬಿದೆವು. ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಮೃತರ ಹೆಸರು. ವಯಸ್ಸು, ಹನ್ನೊಂದು ತಿಂಗಳು. ಮರಣದ ಕಾರಣಕ್ಕೆ ಒಂದೇ ಗೆರೆ ಇದೆ. ಅವಳು ಅರ್ಧ ಗಂಟೆ ಹೇಳಿದಳು: ಮೂರು ದಿನದ ಕಾವು, ನಾಲ್ಕನೆಯ ದಿನ ಹಾಲು ಬಿಟ್ಟದ್ದು, ಗಾಡಿ ಸಿಗದೆ ಹೊತ್ತುಕೊಂಡು ನಡೆದದ್ದು, ದವಾಖಾನೆಯ ಬಾಗಿಲು ಹಾಕಿದ್ದು, ವಾಪಸು ಬರುವಾಗ ಹೆಗಲ ಮೇಲೆ ತಣ್ಣಗಾದದ್ದು. ಜ್ವರ ಎಂದು ಬರೆದೆ.

ಮೃತರ ಕಾಯಂ ವಿಳಾಸ ಎಂದು ಓದಿದೆ. ಅಂದ್ರೇನು ಎಂದಳು. ಅವನು ಯಾವಾಗಲೂ ಇರುವ ಜಾಗ ಎಂದೆ.

"ಇಲ್ಲೇ ಅದಾನಲ್ಲ ತಂಗಿ, ಯೆರವಡಾ ಜೇಲಿನಾಗ" ಎಂದಳು.

ಅವಳು ಕಾಯುತ್ತಿದ್ದಳು. ಆ ಗೆರೆಯನ್ನು ಖಾಲಿ ಬಿಟ್ಟು ಹೆಬ್ಬೆಟ್ಟು ಒತ್ತುವ ಜಾಗ ತೋರಿಸಿದೆ.